ತಾಲ್ಲೂಕಿನ ಚಾಂಪಿಯನ್ನರು ಎಲ್ಲಿ ಹೋಗುತ್ತಾರೆ?

ಮಳೆಗಾಲ ಇಳಿಮುಖವಾಗುವ ಹೊತ್ತಿಗೆ ನಮ್ಮ ರಾಜ್ಯದ ತಾಲ್ಲೂಕು ಕೇಂದ್ರಗಳಲ್ಲಿ ಶಾಲಾ ಕ್ರೀಡಾಕೂಟಗಳ ಸಡಗರ ಆರಂಭವಾಗುತ್ತದೆ. ಹೋಬಳಿ ಮಟ್ಟದಲ್ಲಿ ಗೆದ್ದ ಮಕ್ಕಳು ತಾಲ್ಲೂಕಿಗೆ, ಅಲ್ಲಿ ಗೆದ್ದವರು ಜಿಲ್ಲೆಗೆ, ಆಮೇಲೆ ವಿಭಾಗಕ್ಕೆ, ರಾಜ್ಯಕ್ಕೆ ಹೋಗುತ್ತಾರೆ. ಪ್ರತಿ ಕೂಟದ ಕೊನೆಯಲ್ಲಿ ಒಬ್ಬ ಹುಡುಗ ಮತ್ತು ಒಬ್ಬ ಹುಡುಗಿಯನ್ನು ‘ವೈಯಕ್ತಿಕ ಚಾಂಪಿಯನ್’ ಎಂದು ಧ್ವನಿವರ್ಧಕದಲ್ಲಿ ಘೋಷಿಸಲಾಗುತ್ತದೆ. ಮರುದಿನದ ಪತ್ರಿಕೆಯ ಜಿಲ್ಲಾ ಪುಟದಲ್ಲಿ, ಗಣ್ಯರ ಸಾಲಿನ ಅಂಚಿನಲ್ಲಿ ಪಾರಿತೋಷಕ ಹಿಡಿದು ನಿಂತ ಆ ಮಗುವಿನ ಭಾವಚಿತ್ರವೂ ಬರುವುದುಂಟು. ಅಲ್ಲಿಗೆ ಮುಗಿಯಿತು. ಹತ್ತರಲ್ಲಿ ಒಂಬತ್ತು ಪಾಲು ಆ ಹೆಸರು ಮತ್ತೆ ನಮ್ಮ ಕಿವಿಗೆ ಬೀಳುವುದಿಲ್ಲ. ಓಟದಲ್ಲೂ ಜಿಗಿತದಲ್ಲೂ ಎಸೆತದಲ್ಲೂ ಕೊಕ್ಕೊ, ಕಬಡ್ಡಿಗಳಲ್ಲೂ ಇಡೀ ತಾಲ್ಲೂಕನ್ನು ಮೀರಿಸಿದ ಆ ಮಗು ಎಲ್ಲಿಗೆ ಹೋಯಿತು ಎಂದು ನಾವು ಕೇಳುವುದೂ ಇಲ್ಲ.

ಈ ಪ್ರಶ್ನೆಯನ್ನು ಎತ್ತುವ ಅಧಿಕಾರಕ್ಕಿಂತ ಹೆಚ್ಚಾಗಿ ಋಣ ನನಗಿದೆ. ಗುಂಡ್ಲುಪೇಟೆ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ನಾನು ಬಹುಕಾಲ ಕನ್ನಡ ಪಾಠ ಹೇಳಿದವನು. ಅಕ್ಷರ ದುಂಡಗಿದೆ, ಕೂಡುವ ಲೆಕ್ಕದಲ್ಲಿ ತಪ್ಪುವುದಿಲ್ಲ ಎಂಬ ಕಾರಣಕ್ಕೆ ಕ್ರೀಡಾಕೂಟದಲ್ಲಿ ಅಂಕಪಟ್ಟಿ ಬರೆಯುವ ಕೆಲಸ ವರ್ಷವರ್ಷವೂ ನನ್ನ ಪಾಲಿಗೆ ಬರುತ್ತಿತ್ತು. ಪ್ರಥಮ ಸ್ಥಾನಕ್ಕೆ ಐದು, ದ್ವಿತೀಯಕ್ಕೆ ಮೂರು, ತೃತೀಯಕ್ಕೆ ಒಂದು. ಶಾಲೆಯ ಹೆಸರಿನ ಮುಂದೆ ಅಂಕಗಳನ್ನು ಕೂಡುತ್ತಾ ಹೋದರೆ ಸಂಜೆಯ ವೇಳೆಗೆ ಸಮಗ್ರ ಪ್ರಶಸ್ತಿ ಯಾರದೆಂಬುದು ತಿಳಿಯುತ್ತದೆ. ಮೈದಾನದಲ್ಲಿ ಮಕ್ಕಳು ಓಡುತ್ತಿದ್ದರೆ ಮೇಜಿನ ಹಿಂದೆ ಕುಳಿತ ನಮಗೆ ಕಾಣುತ್ತಿದ್ದುದು ಐದು, ಮೂರು, ಒಂದುಗಳು ಮಾತ್ರ.

2004ರಲ್ಲಿ ನಮ್ಮ ಶಾಲೆಯಲ್ಲಿ ಒಬ್ಬ ಹುಡುಗಿ ಒಂಬತ್ತನೆಯ ತರಗತಿಯಲ್ಲಿದ್ದಳು. ಬಂಡೀಪುರದ ಕಾಡಂಚಿನ ಊರಿನವಳು. ಚೆಂಡುಹೂವಿನ ಕಾಲದಲ್ಲಿ ಬೆಳಗಿನ ಜಾವವೇ ಹೊಲಕ್ಕಿಳಿದು ಹೂ ಬಿಡಿಸಿ, ಆಮೇಲೆ ಶಾಲೆಗೆ ನಡೆದು ಬರುವವಳು. ಇನ್ನೂರು ಮೀಟರ್ ಓಟ, ಉದ್ದ ಜಿಗಿತ, ಗುಂಡು ಎಸೆತ ಮೂರರಲ್ಲೂ ತಾಲ್ಲೂಕಿನಲ್ಲಿ ಅವಳಿಗೆ ಸರಿಸಾಟಿ ಇರಲಿಲ್ಲ. ಕೊಕ್ಕೊ ತಂಡಕ್ಕೆ ನಾಯಕಿ. ಥ್ರೋಬಾಲಿನಲ್ಲಿ ಅವಳ ಕೈಗೆ ಬಂದ ಚೆಂಡು ನೆಲ ಮುಟ್ಟುತ್ತಿರಲಿಲ್ಲ. ಕಬಡ್ಡಿಗೆ ಒಬ್ಬಳು ಕಡಿಮೆಯಾದರೆ ಅವಳೇ. ನಮ್ಮ ಕೂಟದಲ್ಲಿ ಒಬ್ಬ ವಿದ್ಯಾರ್ಥಿಗೆ ಮೂರು ವೈಯಕ್ತಿಕ ಸ್ಪರ್ಧೆಗಳ ಮಿತಿ ಇತ್ತು. ಗುಂಪು ಆಟಗಳಿಗೆ, ರಿಲೇಗೆ ಅಂಥ ಮಿತಿ ಇರಲಿಲ್ಲ. ಹೀಗಾಗಿ ಎರಡು ದಿನಗಳಲ್ಲಿ ಅವಳು ಎಷ್ಟು ಬಾರಿ ಮೈದಾನಕ್ಕಿಳಿದಳು ಎಂಬುದನ್ನು ಅಂಕಪಟ್ಟಿ ಬರೆಯುತ್ತಿದ್ದ ನಾನೂ ಎಣಿಸಲಿಲ್ಲ.

ಅದೇ ವರ್ಷದ ಆಗಸ್ಟ್‌ನಲ್ಲಿ ಅಥೆನ್ಸ್ ಒಲಿಂಪಿಕ್ಸ್ ನಡೆದಿತ್ತು. ಧಾರವಾಡ ಜಿಲ್ಲೆಯ ಪಶುಪತಿಹಾಳದಲ್ಲಿ ಹುಟ್ಟಿದ ಜೆ.ಜೆ. ಶೋಭಾ ಅಲ್ಲಿ ಹೆಪ್ಟಾಥ್ಲಾನ್‌ನಲ್ಲಿ ಸ್ಪರ್ಧಿಸಿದ್ದರು. ಎರಡು ದಿನ, ಏಳು ಸ್ಪರ್ಧೆಗಳು: ಮೊದಲ ದಿನ ನೂರು ಮೀಟರ್ ಹರ್ಡಲ್ಸ್, ಎತ್ತರ ಜಿಗಿತ, ಗುಂಡು ಎಸೆತ, ಇನ್ನೂರು ಮೀಟರ್ ಓಟ, ಎರಡನೆಯ ದಿನ ಉದ್ದ ಜಿಗಿತ, ಜಾವೆಲಿನ್ ಎಸೆತ, ಕೊನೆಗೆ ಎಂಟುನೂರು ಮೀಟರ್ ಓಟ. ಆರನೆಯ ಸ್ಪರ್ಧೆಯಾದ ಜಾವೆಲಿನ್ ಎಸೆತದಲ್ಲಿ ಶೋಭಾ ಅವರ ಕಾಲಿನ ಹರಡಿಗೆ ಪೆಟ್ಟಾಗಿ ಅವರನ್ನು ಸ್ಟ್ರೆಚರ್ ಮೇಲೆ ಹೊರಗೆ ಕರೆದೊಯ್ಯಲಾಯಿತು. ಸ್ಪರ್ಧೆ ಅಲ್ಲಿಗೇ ಮುಗಿಯಿತೆಂದು ನೋಡಿದವರೆಲ್ಲ ಭಾವಿಸಿದ್ದರೆ, ಅವರು ಎಡಗಾಲಿಗೆ ಪಟ್ಟಿ ಕಟ್ಟಿಕೊಂಡು ಎಂಟುನೂರು ಮೀಟರ್ ಓಟಕ್ಕೆ ಮರಳಿದರು. ತಮ್ಮ ಗುಂಪಿನಲ್ಲಿ ಮೂರನೆಯವರಾಗಿ ಓಟ ಮುಗಿಸಿದರು. ಒಟ್ಟು 6172 ಅಂಕಗಳೊಂದಿಗೆ ಅವರಿಗೆ ದೊರೆತದ್ದು ಹನ್ನೊಂದನೆಯ ಸ್ಥಾನ. ಪದಕ ಬರಲಿಲ್ಲ, ಆದರೆ ಕನ್ನಡ ನಾಡಿನ ಮನೆಮನೆಗಳಲ್ಲಿ ಆ ಓಟದ ಮಾತು ಬಂತು. ನಾನೂ ತರಗತಿಯಲ್ಲಿ ಪಾಠ ನಿಲ್ಲಿಸಿ ಪತ್ರಿಕೆಯ ವರದಿಯನ್ನು ಓದಿ ಹೇಳಿದ್ದೆ.

ಕೆಲವೇ ವಾರಗಳಲ್ಲಿ ನಮ್ಮ ತಾಲ್ಲೂಕು ಕೂಟ ಬಂತು. ಎರಡನೆಯ ದಿನ ಮಧ್ಯಾಹ್ನದ ಹೊತ್ತಿಗೆ ನಮ್ಮ ಹುಡುಗಿ ಮೊಣಕಾಲಿನ ಕೆಳಗೆ ಕೈಯಿಟ್ಟುಕೊಂಡು ನೆರಳಿನಲ್ಲಿ ಕುಳಿತಿದ್ದಳು. ಸಮಗ್ರ ಪ್ರಶಸ್ತಿಗೆ ನಾವು ಮೂರು ಅಂಕ ಹಿಂದಿದ್ದೆವು. ಉಳಿದಿದ್ದದ್ದು ರಿಲೇ ಒಂದೇ. ನಮ್ಮ ದೈಹಿಕ ಶಿಕ್ಷಕರು ಅವಳ ಕಾಲನ್ನು ಒತ್ತಿ ನೋಡಿ, “ಬ್ಯಾಡ ಬುಡಿ ಸಾ, ಬೇರೆಯವಳನ್ನ ಓಡ್ಸಾನ” ಎಂದರು. ಆಗ ಬಾಯಿ ಹಾಕಿದವನು ನಾನು. ಶೋಭಾ ಅವರ ಕತೆಯನ್ನು ಆ ಹುಡುಗಿಗೆ ಮತ್ತೆ ನೆನಪಿಸಿದೆ. ಕಾಲಿಗೆ ಪಟ್ಟಿ ಕಟ್ಟಿಕೊಂಡು ಒಲಿಂಪಿಕ್ಸ್‌ನಲ್ಲೇ ಓಡಿದರಲ್ಲವ್ವ, ಇದು ನೂರು ಮೀಟರ್ ಅಷ್ಟೇ ಎಂದೆ. ಅವಳು ಒಂದು ಕ್ಷಣ ನೆಲ ನೋಡಿದಳು. “ಓಡ್ತೀನಿ ಸಾ” ಎಂದಳು.

ಓಡಿದಳು. ನಾವು ಗೆದ್ದೆವು. ಐದು ಅಂಕಗಳನ್ನು ನಾನೇ ಕೂಡಿದೆ. ಜಿಲ್ಲಾ ಕೂಟಕ್ಕೆ ಅವಳು ಬರಲಿಲ್ಲ. ಮೊದಲು ನಾಟಿ ವೈದ್ಯರ ಪಟ್ಟು, ಆಮೇಲೆ ಆಸ್ಪತ್ರೆ. ಎಲುಬಿನಲ್ಲಿ ಸಣ್ಣ ಬಿರುಕು ಬಿಟ್ಟಿದೆ, ತಿಂಗಳುಗಟ್ಟಲೆ ವಿಶ್ರಾಂತಿ ಬೇಕು ಎಂದರಂತೆ. ಮರುವರ್ಷ ಎಸ್ಸೆಸ್ಸೆಲ್ಸಿ. ಆಟ ಬಿಟ್ಟು ಪಾಠ ನೋಡಿಕೊಳ್ಳಲಿ ಎಂದು ಮನೆಯವರೂ ಹೇಳಿದರು, ನಾವೂ ಹೇಳಿದೆವು. ಅಲ್ಲಿಂದಾಚೆಗೆ ಅವಳು ಮೈದಾನಕ್ಕೆ ಇಳಿಯಲಿಲ್ಲ.

ಶೋಭಾ ಅವರ ಓಟದಿಂದ ನಾನು ತಪ್ಪು ಪಾಠ ಕಲಿತಿದ್ದೆ. ಅಥೆನ್ಸ್‌ನಲ್ಲಿ ಓಡಿದವರು ಇಪ್ಪತ್ತಾರು ವರ್ಷದ, ಪಕ್ವವಾದ ದೇಹದ, ತಮ್ಮ ನೋವನ್ನು ತಾವೇ ತೂಗಿ ನೋಡಬಲ್ಲ ಕ್ರೀಡಾಪಟು. ಸುತ್ತಲೂ ವೈದ್ಯರಿದ್ದರು, ತರಬೇತುದಾರರಿದ್ದರು. ನಿರ್ಧಾರ ಅವರದೇ ಆಗಿತ್ತು. ಗುಂಡ್ಲುಪೇಟೆಯ ಮೈದಾನದಲ್ಲಿ ಓಡಿದವಳು ಹದಿನಾಲ್ಕರ ಬಾಲಕಿ. ಮೇಷ್ಟ್ರ ಮಾತಿಗೆ ಇಲ್ಲ ಎನ್ನುವ ಅಭ್ಯಾಸವೇ ಅವಳಿಗಿರಲಿಲ್ಲ. ಒಲಿಂಪಿಕ್ಸ್ ಅಂಗಳದಲ್ಲಿ ಅದು ಧೈರ್ಯ; ನಮ್ಮ ಅಂಗಳದಲ್ಲಿ ಅದು ಹಿರಿಯರ ಹೊಣೆಗೇಡಿತನ. ಇದನ್ನು ಒಪ್ಪಿಕೊಳ್ಳದೆ ಈ ವಿಷಯದಲ್ಲಿ ಮುಂದೆ ಮಾತಾಡುವ ನೈತಿಕತೆ ನನಗಿಲ್ಲ.

ಎಲ್ಲ ಆಟಗಳಲ್ಲೂ ಮುಂದಿರುವ ಮಗುವನ್ನು ನಮ್ಮ ವ್ಯವಸ್ಥೆ ಎರಡೇ ಬಗೆಯಲ್ಲಿ ನೋಡುತ್ತದೆ. ಶಾಲೆಯ ಕಣ್ಣಿಗೆ ಅದು ಅಂಕ ತರುವ ಯಂತ್ರ. ಕ್ರೀಡಾ ಇಲಾಖೆಯ ಕಣ್ಣಿಗೆ ಅದು ಇನ್ನೂ ಯಾವ ಆಟಕ್ಕೂ ಸೇರದ, ಬೇಗನೆ ಒಂದು ಆಟಕ್ಕೆ ಸೇರಿಸಬೇಕಾದ ಕಚ್ಚಾ ಸರಕು. ಈ ಎರಡೂ ದೃಷ್ಟಿಗಳು ತಪ್ಪು ಎಂಬುದು ನನ್ನ ವಾದ. ಹಲವು ಆಟಗಳನ್ನು ಆಡುವುದೇ ಆ ವಯಸ್ಸಿನ ಮಗುವಿನ ಬಂಡವಾಳ. ಅದನ್ನು ಶೀಲ್ಡಿಗಾಗಿ ಕರಗಿಸಬಾರದು. ಅವಸರದಿಂದ ಒಂದೇ ಆಟದ ಅಚ್ಚಿಗೂ ಎರಕ ಹೊಯ್ಯಬಾರದು.

ಹಲವು ಆಟಗಳಲ್ಲಿ ಮಿಂಚಿದವರ ಚರಿತ್ರೆ ಹೊಸದೇನಲ್ಲ. ಅಮೆರಿಕದ ಬೇಬ್ ಡಿಡ್ರಿಕ್ಸನ್ ಶಾಲಾ ದಿನಗಳಿಂದಲೇ ಬ್ಯಾಸ್ಕೆಟ್‌ಬಾಲ್‌ಗೆ ಹೆಸರಾದವರು. 1932ರ ಅಮೆರಿಕದ ರಾಷ್ಟ್ರೀಯ ಅಥ್ಲೆಟಿಕ್ಸ್ ಕೂಟದಲ್ಲಿ ತಮ್ಮ ಸಂಸ್ಥೆಯ ಪರವಾಗಿ ಅವರೊಬ್ಬರೇ ಕಣಕ್ಕಿಳಿದು 30 ಅಂಕ ಗಳಿಸಿದರು. ಎರಡನೆಯ ಸ್ಥಾನ ಪಡೆದ ಇಡೀ ತಂಡಕ್ಕೆ ಬಂದದ್ದು 22 ಅಂಕ. ಅದೇ ವರ್ಷದ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಮಹಿಳೆಯರಿಗೆ ಮೂರು ಸ್ಪರ್ಧೆಗಳ ಮಿತಿ ಇತ್ತು. ಆ ಮೂರರಲ್ಲೇ ಅವರು ಹರ್ಡಲ್ಸ್ ಮತ್ತು ಜಾವೆಲಿನ್‌ನಲ್ಲಿ ಚಿನ್ನ, ಎತ್ತರ ಜಿಗಿತದಲ್ಲಿ ಬೆಳ್ಳಿ ಗೆದ್ದರು. ಮುಂದೆ ಗಾಲ್ಫ್‌ಗೆ ಹೊರಳಿ 1948, 1950 ಮತ್ತು 1954ರಲ್ಲಿ ಅಮೆರಿಕದ ಮಹಿಳಾ ಓಪನ್ ಪ್ರಶಸ್ತಿಯನ್ನು ತಮ್ಮದಾಗಿಸಿಕೊಂಡರು. ಅಂಥವರು ಶತಮಾನಕ್ಕೊಬ್ಬರು ಎಂದು ಪಕ್ಕಕ್ಕಿಡಬಹುದು. ಆದರೆ ಒಬ್ಬಳೇ ಒಂದು ತಂಡಕ್ಕೆ ಸಮನಾಗಿ ಅಂಕ ತರುವ ಹುಡುಗಿಯ ಸಣ್ಣ ರೂಪವನ್ನು ನಮ್ಮ ಪ್ರತಿಯೊಂದು ತಾಲ್ಲೂಕು ಕೂಟವೂ ಕಂಡಿದೆ.

ಅಂಥ ಹುಡುಗಿಗೆ ಹೇಳಿ ಮಾಡಿಸಿದ ಸ್ಪರ್ಧೆಯೊಂದು ಇದೆ ಎಂಬುದೇ ನಮ್ಮ ಹಳ್ಳಿಯ ಶಾಲೆಗಳಿಗೆ ಗೊತ್ತಿರಲಿಲ್ಲ. ಹೆಪ್ಟಾಥ್ಲಾನ್ ಎಂದರೆ ತಾಲ್ಲೂಕು ಕೂಟದ ವೈಯಕ್ತಿಕ ಚಾಂಪಿಯನ್‌ಶಿಪ್ಪೇ ಕ್ರಮಬದ್ಧವಾಗಿ ಬೆಳೆದ ರೂಪ. ಎಲ್ಲದರಲ್ಲೂ ಸ್ವಲ್ಪ ಸ್ವಲ್ಪ ಬಲ್ಲವರ ಆಟವಲ್ಲ, ಎಲ್ಲವನ್ನೂ ಚೆನ್ನಾಗಿ ಬಲ್ಲವರ ಆಟ. ಭಾರತದ ಮಹಿಳೆಯರು ಏಷ್ಯಾದಲ್ಲಿ ಪದೇ ಪದೇ ಎದ್ದು ನಿಂತಿರುವ ಕಣವೂ ಇದೇ. 2002ರ ಬುಸಾನ್ ಏಷ್ಯನ್ ಕ್ರೀಡಾಕೂಟದಲ್ಲಿ ಬಂಗಾಳದ ಸೋಮಾ ಬಿಸ್ವಾಸ್ ಬೆಳ್ಳಿ, ನಮ್ಮ ಶೋಭಾ ಕಂಚು; 2006ರ ದೋಹಾ ಕೂಟದಲ್ಲಿ ಮತ್ತೆ ಅದೇ ಜೋಡಿ, ಅದೇ ಪದಕಗಳು. 2010ರ ಗುವಾಂಗ್‌ಝೌ ಕೂಟದಲ್ಲಿ ಕೊಡಗಿನ ಪ್ರಮೀಳಾ ಅಯ್ಯಪ್ಪ ಕಂಚು ಗೆದ್ದರು. 2018ರ ಜಕಾರ್ತಾದಲ್ಲಿ ಸ್ವಪ್ನಾ ಬರ್ಮನ್ ಚಿನ್ನ ಗೆದ್ದು, ಈ ಸ್ಪರ್ಧೆಯಲ್ಲಿ ಏಷ್ಯನ್ ಕ್ರೀಡಾಕೂಟದ ಚಿನ್ನ ತಂದ ಮೊದಲ ಭಾರತೀಯರಾದರು. ಹಾಂಗ್‌ಝೌನಲ್ಲಿ 2023ರಲ್ಲಿ ನಡೆದ ಕೂಟದಲ್ಲಿ ನಂದಿನಿ ಅಗಸರ ಕಂಚು ತಂದರು. ಈ ಸಾಲಿನಲ್ಲಿ ಇಬ್ಬರು ಕನ್ನಡನಾಡಿನವರು. ಶೋಭಾ 2004ರಲ್ಲಿ ದೆಹಲಿಯಲ್ಲಿ ಸ್ಥಾಪಿಸಿದ 6211 ಅಂಕಗಳ ರಾಷ್ಟ್ರೀಯ ದಾಖಲೆ ಎರಡು ದಶಕ ಕಳೆದರೂ ಅಳಿಯಲಿಲ್ಲ. ಅದು ಅವರ ಹಿರಿಮೆ ನಿಜ. ಆದರೆ ಅವರ ನಂತರ ನಾವು ಎಷ್ಟು ಶಾಲೆಗಳಲ್ಲಿ ಒಂದು ಜೊತೆ ಹರ್ಡಲ್ಸ್ ತಂದಿಟ್ಟೆವು ಎಂಬ ಪ್ರಶ್ನೆಯೂ ಆ ದಾಖಲೆಯ ಒಳಗೇ ಇದೆ.

ಇನ್ನು ಒಂದೇ ಆಟಕ್ಕೆ ಬೇಗ ಕಟ್ಟಿಹಾಕುವ ವಿಚಾರ. ನಗರಗಳಲ್ಲಿ ಏಳೆಂಟು ವರ್ಷದ ಮಗುವನ್ನು ಕ್ರಿಕೆಟ್ ಅಥವಾ ಬ್ಯಾಡ್ಮಿಂಟನ್ ಅಕಾಡೆಮಿಗೆ ಸೇರಿಸಿ, ವರ್ಷದ ಹನ್ನೆರಡು ತಿಂಗಳೂ ಅದನ್ನೇ ಆಡಿಸುವ ತಂದೆತಾಯಿಗಳು ಹೆಚ್ಚುತ್ತಿದ್ದಾರೆ. ಇದರ ಬಗ್ಗೆ ವೈದ್ಯಲೋಕ ಎಚ್ಚರಿಸದೆ ಇಲ್ಲ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2016ರಲ್ಲಿ ಪ್ರಕಟಿಸಿದ ವರದಿಯೊಂದು, ಹೆಚ್ಚಿನ ಆಟಗಳಲ್ಲಿ ಹದಿನೈದು ಹದಿನಾರರ ಪ್ರಾಯದವರೆಗೆ ವಿಶೇಷ ಪರಿಣತಿಯನ್ನು ಮುಂದೂಡುವುದೇ ಲೇಸು ಎಂದು ಸಲಹೆ ಮಾಡಿತು. ಒಂದೇ ಚಲನೆ ಮತ್ತೆ ಮತ್ತೆ ನಡೆದಾಗ ಬೆಳೆಯುವ ಎಲುಬು, ಸ್ನಾಯುಗಳ ಮೇಲೆ ಒಂದೇ ಜಾಗದಲ್ಲಿ ಒತ್ತಡ ಬೀಳುತ್ತದೆ. ಮನಸ್ಸಿಗೂ ಬೇಸರ ಕವಿಯುತ್ತದೆ. ವಾರಕ್ಕೆ ಒಂದೆರಡು ದಿನ, ವರ್ಷದಲ್ಲಿ ಬಿಡಿಬಿಡಿಯಾಗಿಯಾದರೂ ಒಟ್ಟು ಮೂರು ತಿಂಗಳು ತನ್ನ ಮುಖ್ಯ ಆಟದಿಂದ ಮಗುವಿಗೆ ಬಿಡುವು ಬೇಕು ಎಂಬುದು ಆ ವರದಿಯ ಇನ್ನೊಂದು ಸಲಹೆ. ಜಿಮ್ನಾಸ್ಟಿಕ್ಸ್‌ನಂಥ ಕೆಲವು ಆಟಗಳು ಬೇಗನೆ ಆರಂಭವಾಗಬೇಕು ಎಂಬುದು ನಿಜ. ಆದರೆ ಅಪವಾದವನ್ನೇ ನಿಯಮ ಮಾಡಿಕೊಳ್ಳಬೇಕಾಗಿಲ್ಲ.

ನಮ್ಮಲ್ಲೂ ಈ ತಿಳಿವಳಿಕೆ ಮೂಡಿದ ಕುರುಹುಗಳಿವೆ. ಭಾರತೀಯ ಅಥ್ಲೆಟಿಕ್ಸ್ ಫೆಡರೇಷನ್ನಿನ ಅಂತರ ಜಿಲ್ಲಾ ಜೂನಿಯರ್ ಕೂಟದಲ್ಲಿ ಹದಿನಾಲ್ಕು ವರ್ಷದೊಳಗಿನ ಮಕ್ಕಳಿಗೆ ಟ್ರಯಾಥ್ಲಾನ್ ನಡೆಸಲಾಗಿದೆ. ಓಟ, ಜಿಗಿತ ಮುಂತಾದ ಮೂರು ಸ್ಪರ್ಧೆಗಳ ಅಂಕಗಳನ್ನು ಒಟ್ಟುಗೂಡಿಸಿ ಅಲ್ಲಿ ವಿಜೇತರನ್ನು ನಿರ್ಧರಿಸುತ್ತಾರೆ. ಆ ವಯಸ್ಸಿನಲ್ಲಿ ಮಗುವನ್ನು ಓಟಗಾರ, ಜಿಗಿತಗಾರ ಎಂದು ವಿಂಗಡಿಸುವುದು ಅಕಾಲಿಕ ಎಂಬುದನ್ನು ರಾಷ್ಟ್ರೀಯ ಸಂಸ್ಥೆಯೇ ಒಪ್ಪಿದಂತಾಯಿತು. ಈ ವಿವೇಕ ನಮ್ಮ ಹೋಬಳಿ, ತಾಲ್ಲೂಕು ಕೂಟಗಳಿಗೂ ಇಳಿದು ಬರಬೇಕು.

ಇಲ್ಲಿ ಒಂದು ಆಕ್ಷೇಪಣೆ ಬರುವುದು ಸಹಜ. ಅದು ಬಲವಾದದ್ದೂ ಹೌದು. ಬಡ ಕುಟುಂಬದ ಹಳ್ಳಿಯ ಹುಡುಗಿಗೆ ಕ್ರೀಡಾ ವಸತಿ ನಿಲಯವೆಂದರೆ ಆಟ ಮಾತ್ರವಲ್ಲ. ಅದು ಎರಡು ಹೊತ್ತಿನ ಪುಷ್ಟಿಕರ ಊಟ, ಒಳ್ಳೆಯ ಶಾಲೆ, ಬೇಗ ಮದುವೆಯಾಗುವುದರಿಂದ ತಪ್ಪಿಸಿಕೊಳ್ಳುವ ದಾರಿ. ಅಲ್ಲಿ ಆಯ್ಕೆ ನಡೆಯುವುದೇ ಒಂದೊಂದು ಕ್ರೀಡೆಯ ಲೆಕ್ಕದಲ್ಲಿ. ಹನ್ನೊಂದು ಹನ್ನೆರಡರ ಹುಡುಗಿಗೆ ‘ಇನ್ನೂ ಆರಿಸಿಕೊಳ್ಳಬೇಡ’ ಎಂದು ಹೊಟ್ಟೆ ತುಂಬಿದವರು ಉಪದೇಶ ಮಾಡುವುದು ಎಷ್ಟು ಸರಿ? ನಾನು ವಸತಿ ನಿಲಯಗಳ ವಿರೋಧಿಯಲ್ಲ. ಅವು ಇನ್ನಷ್ಟು ಬೇಕು, ಚಾಮರಾಜನಗರದಂಥ ಜಿಲ್ಲೆಗಳಿಗೆ ಮೊದಲು ಬೇಕು. ನನ್ನ ಮಾತು ಇಷ್ಟೇ: ನಿಲಯಕ್ಕೆ ಸೇರಿದ ಮೇಲೂ ಮಗು ಎರಡು ಮೂರು ಆಟಗಳನ್ನು ಆಡುವಂತಿರಲಿ. ವಾಲಿಬಾಲಿಗೆಂದು ಬಂದವಳಿಗೆ ಎತ್ತರ ಜಿಗಿತ ಹೆಚ್ಚು ಒಗ್ಗುತ್ತದೆ ಎಂದು ಎರಡು ವರ್ಷಗಳ ಬಳಿಕ ಕಂಡುಬಂದರೆ, ಅವಳನ್ನು ಮನೆಗೆ ಕಳಿಸದೆ ಆ ಕಡೆಗೆ ಬದಲಿಸುವ ಅವಕಾಶವಿರಲಿ. ಇದಕ್ಕೆ ಕೋಟಿಗಟ್ಟಲೆ ಹಣ ಬೇಕಿಲ್ಲ, ನಿಯಮದಲ್ಲಿ ನಾಲ್ಕು ಸಾಲಿನ ತಿದ್ದುಪಡಿ ಸಾಕು.

ಒಂದೇ ಆಟಕ್ಕೆ ಅಂಟಿಕೊಂಡು ಎತ್ತರಕ್ಕೇರಿದವರ ನಿದರ್ಶನವೂ ನಮ್ಮ ನೆರೆಯಲ್ಲೇ ಇದೆ. 2025ರ ಜನವರಿಯಲ್ಲಿ ನವದೆಹಲಿಯಲ್ಲಿ ನಡೆದ ಮೊದಲ ಕೊಕ್ಕೊ ವಿಶ್ವಕಪ್‌ನಲ್ಲಿ ಭಾರತದ ಮಹಿಳೆಯರು ಅಂತಿಮ ಪಂದ್ಯದಲ್ಲಿ ನೇಪಾಳವನ್ನು 78–40ರಿಂದ ಮಣಿಸಿದರು. ಆ ತಂಡದಲ್ಲಿದ್ದ ಬಿ. ಚೈತ್ರಾ ತಿರುಮಕೂಡಲು ನರಸೀಪುರ ತಾಲ್ಲೂಕಿನ ಕುರುಬೂರಿನವರು. ಅಂತಿಮ ಪಂದ್ಯದ ಕೊನೆಯ ಸರದಿಯಲ್ಲಿ ಅವರಿದ್ದ ಗುಂಪು ಐದು ನಿಮಿಷಕ್ಕೂ ಹೆಚ್ಚು ಕಾಲ ಎದುರಾಳಿಗಳ ಕೈಗೆ ಪೂರ್ತಿಯಾಗಿ ಸಿಗದೆ ಉಳಿಯಿತು. ಕೊಕ್ಕೊ ಬಲ್ಲವರಿಗೆ ಅದರ ಬೆಲೆ ಗೊತ್ತು. ಗೆಲುವಿನ ನಂತರ ನಮ್ಮಲ್ಲಿ ಬಿಸಿಯೇರಿದ್ದು ಬಹುಮಾನದ ಮೊತ್ತದ ಚರ್ಚೆ. ಆ ಚರ್ಚೆ ನ್ಯಾಯವಾದದ್ದೇ. ಆದರೆ ಬಹುಮಾನ ಗೆದ್ದ ಮೇಲೆ ಸಲ್ಲುವಂಥದ್ದು. ಮೈದಾನ ಗೆಲ್ಲುವುದಕ್ಕೆ ಮೊದಲೇ ಬೇಕಾದದ್ದು. ಎರಡು ಕಂಬ, ಒಂದಿಷ್ಟು ಸಮತಟ್ಟು ನೆಲ, ದಿನವೂ ಆಡಿಸುವ ಒಬ್ಬ ಗುರು, ಜೊತೆಗೆ ಆಡುವ ಓರಗೆಯವರು ಇವಿಷ್ಟು ಊರಿನ ಬಳಿಯಲ್ಲೇ ಸಿಕ್ಕಿದರೆ ಹಳ್ಳಿಯ ಮಗು ವಿಶ್ವಕಪ್ಪಿನವರೆಗೂ ಹೋಗಬಲ್ಲದು ಎಂಬುದನ್ನು ನಾನು ಈ ಗೆಲುವಿನಿಂದ ಅರ್ಥ ಮಾಡಿಕೊಳ್ಳುತ್ತೇನೆ.

ಊರಿನ ಬಳಿಯಲ್ಲೇ ಎಂಬ ಮಾತಿಗೆ ಗುಂಡ್ಲುಪೇಟೆಯಂಥ ತಾಲ್ಲೂಕಿನಲ್ಲಿ ವಿಶೇಷ ಅರ್ಥವಿದೆ. ಇಲ್ಲಿಂದ ಮೈಸೂರು ಸುಮಾರು ಅರವತ್ತು ಕಿಲೋಮೀಟರ್. ಹಂಗಳ, ಬೇಗೂರು, ತೆರಕಣಾಂಬಿ ಸೀಮೆಯ ಹಳ್ಳಿಗಳಿಂದ ತಾಲ್ಲೂಕು ಕೇಂದ್ರಕ್ಕೆ ಬರುವುದೇ ಮಕ್ಕಳಿಗೆ ಒಂದು ಪ್ರಯಾಣ. ಕಾಡಂಚಿನ ಊರುಗಳಲ್ಲಿ ಹೊತ್ತು ಮುಳುಗಿದ ಮೇಲೆ ಆನೆ, ಚಿರತೆಯ ಭಯ. ಸಂಜೆ ಶಾಲೆ ಬಿಟ್ಟ ಮೇಲೆ ಒಂದು ಗಂಟೆ ಅಭ್ಯಾಸ ಮಾಡಿಸೋಣವೆಂದರೆ ಕೊನೆಯ ಬಸ್ಸು ತಪ್ಪುತ್ತದೆ. ಬಸ್ಸು ತಪ್ಪಿದ ಹುಡುಗಿಯನ್ನು ಮರುದಿನ ಮನೆಯವರು ಅಭ್ಯಾಸಕ್ಕೆ ಬಿಡುವುದಿಲ್ಲ. ಅವರನ್ನು ದೂರುವಂತೆಯೂ ಇಲ್ಲ. ಆದ್ದರಿಂದಲೇ ಇಲ್ಲಿನ ಮಕ್ಕಳಿಗೆ ಆಟವೆಂದರೆ ಶಾಲಾ ವೇಳಾಪಟ್ಟಿಯ ಒಳಗೆ ಸಿಗುವ ಅವಧಿ ಮಾತ್ರ. ಎಸ್ಸೆಸ್ಸೆಲ್ಸಿ ಪರೀಕ್ಷೆಯ ನೆಪದಲ್ಲಿ ಆ ಅವಧಿಯನ್ನು ಗಣಿತಕ್ಕೋ ಇಂಗ್ಲಿಷಿಗೋ ಬಿಟ್ಟುಕೊಟ್ಟರೆ ಮಗುವಿನ ಪಾಲಿಗೆ ಆಟವೇ ಇಲ್ಲವಾಗುತ್ತದೆ. ಹಾಗೆ ಕಿತ್ತುಕೊಂಡ ಅವಧಿಗಳಲ್ಲಿ ನಾನೂ ಹಳಗನ್ನಡ ಪದ್ಯ ಪಾಠ ಮಾಡಿದ್ದೇನೆ.

ಕಾನೂನು ಈ ವಿಷಯದಲ್ಲಿ ಮೌನವಾಗಿಲ್ಲ. 2010ರ ಏಪ್ರಿಲ್ ಒಂದರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ಪ್ರತಿ ಶಾಲೆಗೂ ಆಟದ ಮೈದಾನವಿರಬೇಕು, ಪ್ರತಿ ತರಗತಿಗೂ ಅಗತ್ಯವಿರುವಷ್ಟು ಆಟದ ಸಾಮಗ್ರಿ ಇರಬೇಕು ಎನ್ನುತ್ತದೆ. ಆರರಿಂದ ಎಂಟನೆಯ ತರಗತಿಗಳಲ್ಲಿ ನೂರಕ್ಕಿಂತ ಹೆಚ್ಚು ಮಕ್ಕಳಿದ್ದರೆ ಆರೋಗ್ಯ ಮತ್ತು ದೈಹಿಕ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರಾದರೂ ಇರಬೇಕು ಎಂದೂ ಹೇಳುತ್ತದೆ. ಆದರೆ ಕಾಯ್ದೆಯ ವ್ಯಾಪ್ತಿ ಎಂಟನೆಯ ತರಗತಿಗೆ ಮುಗಿಯುತ್ತದೆ. ಕ್ರೀಡಾಪ್ರತಿಭೆ ಅರಳುವುದು ಅದರ ಮುಂದಿನ ಎರಡು ವರ್ಷಗಳಲ್ಲಿ. ದೈಹಿಕ ಶಿಕ್ಷಕರ ಸ್ಥಾನಮಾನ ಕುರಿತ ಪ್ರೊ. ಎಲ್.ಆರ್. ವೈದ್ಯನಾಥನ್ ವರದಿಯನ್ನು ಜಾರಿಗೊಳಿಸಿ ಎಂದು ಆ ಶಿಕ್ಷಕರು ವರ್ಷಾನುಗಟ್ಟಲೆ ಕೇಳಿದ್ದಾರೆ. ಮೆರವಣಿಗೆಯ ಶಿಸ್ತಿಗೆ, ಪ್ರಾರ್ಥನೆಯ ಸಾಲಿಗೆ, ಗಣ್ಯರು ಬಂದಾಗ ಪೆಂಡಾಲಿನ ಉಸ್ತುವಾರಿಗೆ ನೆನಪಾಗುವ ದೈಹಿಕ ಶಿಕ್ಷಕ ಉಳಿದ ದಿನಗಳಲ್ಲಿ ಶಾಲೆಯ ಎರಡನೆಯ ದರ್ಜೆಯ ಪ್ರಜೆ. ಆ ಹುಡುಗಿಯ ಕಾಲನ್ನು ಒತ್ತಿ ನೋಡಿ ಬೇಡವೆಂದವರು ಅವರು; ಅವರ ಮಾತನ್ನು ಬದಿಗೊತ್ತಿದವನು ಭಾಷಾ ಮೇಷ್ಟ್ರು. ಯಾರ ಮಾತಿಗೆ ಶಾಲೆಯಲ್ಲಿ ಎಷ್ಟು ತೂಕ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಏನು ಮಾಡಬಹುದು? ಮೊದಲನೆಯದಾಗಿ, ಶಾಲಾ ಕೂಟಗಳಲ್ಲಿ ವೈಯಕ್ತಿಕ ಸ್ಪರ್ಧೆಗಳಿಗೆ ಹಾಕುವ ಮಿತಿಯನ್ನು ಗುಂಪು ಆಟ, ರಿಲೇ, ಅರ್ಹತಾ ಸುತ್ತು ಎಲ್ಲವನ್ನೂ ಒಳಗೊಂಡಂತೆ ಲೆಕ್ಕ ಹಾಕಬೇಕು. ಒಂದು ದಿನದಲ್ಲಿ ಒಂದು ಮಗು ಇಷ್ಟೇ ಬಾರಿ ಕಣಕ್ಕಿಳಿಯಬಹುದು ಎಂಬ ಸರಳ ನಿಯಮ ಸಾಕು. ನೋವೆಂದು ಕುಳಿತ ಮಗುವನ್ನು ಆಡಿಸಬೇಕೇ ಬೇಡವೇ ಎಂಬ ಅಂತಿಮ ಮಾತು ಅದರ ಶಾಲೆಯದಾಗಿರದೆ, ಕೂಟಕ್ಕೆ ನಿಯೋಜಿತರಾದ ವೈದ್ಯರದಾಗಿರಬೇಕು. ಏಕೆಂದರೆ ಶಾಲೆಗೆ ಶೀಲ್ಡಿನ ಆಸೆ ಇರುತ್ತದೆ.

ಎರಡನೆಯದಾಗಿ, ಹದಿನಾಲ್ಕು ವರ್ಷದೊಳಗಿನವರಿಗೆ ತಾಲ್ಲೂಕು ಮಟ್ಟದಲ್ಲೇ ಮೂರು ಸ್ಪರ್ಧೆಗಳ ಸಂಯುಕ್ತ ಸ್ಪರ್ಧೆಯೊಂದನ್ನು ಆರಂಭಿಸಬೇಕು. ಓಡಲು ಅರವತ್ತು ಮೀಟರ್ ನೆಲ, ಜಿಗಿಯಲು ಒಂದು ಮರಳಿನ ಗುಂಡಿ, ಎಸೆಯಲು ಒಂದು ಕಬ್ಬಿಣದ ಗುಂಡು ಇಲ್ಲದಷ್ಟು ಬಡ ತಾಲ್ಲೂಕು ಕರ್ನಾಟಕದಲ್ಲಿ ಇರಲಾರದು. ಎಲ್ಲವನ್ನೂ ಆಡುವ ಮಗುವಿಗೆ ಅದರದೇ ಆದ ಹೆಸರು, ಅದರದೇ ಆದ ಮುಂದಿನ ಮೆಟ್ಟಿಲು ಅದರಿಂದ ದೊರೆಯುತ್ತದೆ.

ಮೂರನೆಯದು, ನೆನಪಿನ ವ್ಯವಸ್ಥೆ. ತಾಲ್ಲೂಕು ಚಾಂಪಿಯನ್ ಆದ ಮಗುವಿನ ಸಾಧನೆ, ಗಾಯ, ಬೆಳವಣಿಗೆಯ ವಿವರಗಳುಳ್ಳ ಒಂದು ಪುಸ್ತಕ ಅದರ ಜೊತೆ ಪ್ರೌಢಶಾಲೆಯಿಂದ ಪಿಯು ಕಾಲೇಜಿಗೆ ಹೋಗಬೇಕು. ಹತ್ತನೆಯ ತರಗತಿಯ ನಂತರದ ಎರಡು ವರ್ಷಗಳಲ್ಲಿ ಆ ಮಗುವನ್ನು ಕರೆದು ‘ಈಗ ಏನು ಆಡುತ್ತಿದ್ದೀಯೆ?’ ಎಂದು ಕೇಳುವ ಹೊಣೆ ಜಿಲ್ಲೆಯ ಯಾರಾದರೊಬ್ಬ ಅಧಿಕಾರಿಗೆ ಲಿಖಿತವಾಗಿ ಇರಬೇಕು. ಕೇಳುವವರಿಲ್ಲದೆ ಕಳೆದುಹೋದ ಮಕ್ಕಳೇ ಹೆಚ್ಚು ಎಂಬುದು ನನ್ನ ಅನುಭವ.

ನಾಲ್ಕನೆಯದು, ಮೈದಾನ ಮತ್ತು ಬಸ್ಸು. ಉದ್ಯೋಗ ಖಾತರಿ ಯೋಜನೆಯ ಅಡಿಯಲ್ಲಿ ರಾಜ್ಯದ ಅನೇಕ ಗ್ರಾ‌ಮಗಳಲ್ಲಿ ಶಾಲಾ ಮೈದಾನ, ಆವರಣ ಗೋಡೆಗಳ ಕಾಮಗಾರಿ ನಡೆದದ್ದುಂಟು. ನೆಲ ಸಮತಟ್ಟು ಮಾಡಿ ಫಲಕ ನೆಟ್ಟರೆ ಮೈದಾನವಾಗುವುದಿಲ್ಲ. ಅದನ್ನು ಮಳೆಗಾಲ ಕಳೆದ ಮೇಲೂ ಮೈದಾನವಾಗಿಯೇ ಉಳಿಸಿಕೊಳ್ಳುವ ಹೊಣೆಯನ್ನು ಪಂಚಾಯಿತಿ ಹೊರಬೇಕು. ಅಭ್ಯಾಸದ ದಿನಗಳಲ್ಲಿ ಸಂಜೆಯ ಬಸ್ಸನ್ನು ಒಂದು ಗಂಟೆ ತಡವಾಗಿ ಬಿಡುವಂತೆ ಡಿಪೊದವರನ್ನು ಒಪ್ಪಿಸುವುದು ಒಬ್ಬ ಶಾಸಕರಿಗೆ ಕಷ್ಟದ ಕೆಲಸವಲ್ಲ. ಕ್ರೀಡಾಂಗಣದ ಶಂಕುಸ್ಥಾಪನೆಗಿಂತ ಆ ಒಂದು ಬಸ್ಸಿನಿಂದ ಹೆಚ್ಚು ಹುಡುಗಿಯರು ಆಟದಲ್ಲಿ ಉಳಿಯುತ್ತಾರೆ.

ಇವೆಲ್ಲ ಒಲಿಂಪಿಕ್ಸ್ ಪದಕಕ್ಕಾಗಿ ಮಾತ್ರ ಎಂದು ಯಾರೂ ತಿಳಿಯಬಾರದು. ತಾಲ್ಲೂಕು ಚಾಂಪಿಯನ್ನರೆಲ್ಲ ಶೋಭಾ, ಪ್ರಮೀಳಾ, ಚೈತ್ರಾ ಆಗಲಾರರು, ಆಗಬೇಕಾಗಿಯೂ ಇಲ್ಲ. ತನ್ನ ಮೈ ತನಗೆ ಒಲಿದಿದೆ, ಓಡಿದರೆ ಗಾಳಿ ಸೀಳಬಲ್ಲೆ, ಜಿಗಿದರೆ ಮಣ್ಣಿನ ಗುಂಡಿಯ ಆಚೆ ಅಂಚು ಮುಟ್ಟಬಲ್ಲೆ ಎಂಬ ಅರಿವು ಹದಿನಾಲ್ಕರ ಹುಡುಗಿಗೆ ದೊಡ್ಡ ಆಸ್ತಿ. ಆ ಆಸ್ತಿಯನ್ನು ನಲವತ್ತರ ಹೆಂಗಸಾದ ಮೇಲೂ ಅವಳು ಇಟ್ಟುಕೊಂಡಿರುವಂತೆ ನೋಡಿಕೊಳ್ಳುವುದು ಶಾಲೆಯ ಕೆಲಸ. ಪದಕ ಬಂದರೆ ಅದು ಮೇಲಿನ ಬಡ್ಡಿ.

ನಿವೃತ್ತನಾದ ಮೇಲೆ ಒಂದು ಸಂಜೆ ಗುಂಡ್ಲುಪೇಟೆಯ ಬಸ್ ನಿಲ್ದಾಣದಲ್ಲಿ ಆ ಹುಡುಗಿ ಎದುರಾದಳು. ಹುಡುಗಿ ಎಂದೇ ಬಾಯಿಗೆ ಬರುತ್ತದೆ. ಈಗ ಅವಳಿಗೆ ಶಾಲೆಗೆ ಹೋಗುವ ಮಗಳಿದ್ದಾಳೆ. ಗುರುತು ಹಿಡಿದವಳು ಅವಳೇ. ಮಗಳ ಕೈಯಿಂದ ನನ್ನ ಕಾಲು ಮುಟ್ಟಿಸಿದಳು. ನಾನು ತಡವರಿಸುತ್ತಾ, ಅಂದು ನಿನ್ನನ್ನು ಓಡಿಸಬಾರದಾಗಿತ್ತವ್ವ ಎಂದೆ. ಅವಳು ನಕ್ಕು, “ಅದ್ಯಾಕ್ ಬುಡಿ ಸಾ ಈಗ” ಎಂದಳು. ಬಸ್ಸು ಬಂತು. ಹತ್ತುವ ಮುನ್ನ ತಿರುಗಿ ಕೇಳಿದಳು: “ಆ ಶೀಲ್ಡು ಇನ್ನೂ ಸ್ಕೂಲಲ್ಲಿ ಅದಾ ಸಾ?”

ಅದೆ ಎಂದುಬಿಟ್ಟೆ. ನಿಜವೆಂದರೆ ಅದು ಪರ್ಯಾಯ ಪಾರಿತೋಷಕ. ಮರುವರ್ಷವೇ ಬೇರೊಂದು ಶಾಲೆಯ ಪಾಲಾಗಿತ್ತು.